ಸಹಾಯ ಬೇಕು: ಒಡೆದ ಬಕೆಟ್‌ಗಳನ್ನು ಮತ್ತೆ ದಾಣಿ (ಕರಗಿಸಿ ಮಾಡಿದ ಪ್ಲಾಸ್ಟಿಕ್ ಕಾಳು) ಮಾಡಿಕೊಡುವವರು ಇದ್ದಾರಾ?

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ತಾರಿಹಾಳದಲ್ಲಿ ನಮ್ಮದು ಪ್ಲಾಸ್ಟಿಕ್ ಬಕೆಟ್, ಮಗ್, ಕೊಡ ಮಾಡುವ ಸಣ್ಣ ಕಾರ್ಖಾನೆ. ನಾವು ಮಾರಿದ ಮಾಲು ಒಡೆದ ಮೇಲೆ ಚರಂಡಿ ಸೇರಬಾರದು ಅಂತ ಅಂಗಡಿಗಳಿಂದ ವಾಪಸ್ ತರಿಸುತ್ತಿದ್ದೇವೆ. ಗೋದಾಮು ತುಂಬಿದೆ.

ತೊಂದರೆ ಇರುವುದು ವಿಂಗಡಣೆಯಲ್ಲಿ. ಈ ಮಾಲಿನಲ್ಲಿ ಎರಡು ಬಗೆಯ ಪ್ಲಾಸ್ಟಿಕ್ ಇರುತ್ತದೆ: ತಳದ ತ್ರಿಕೋನದ ಗುರುತಿನಲ್ಲಿ 5 ಇದ್ದರೆ ಪಿಪಿ, 2 ಇದ್ದರೆ ಎಚ್‌ಡಿಪಿಇ. ಹಳೇ ಮಾಲಿನಲ್ಲಿ ಆ ಗುರುತೇ ಸವೆದಿರುತ್ತದೆ. ಎರಡೂ ನೀರಲ್ಲಿ ತೇಲುತ್ತವೆ, ಹಾಗಾಗಿ ತೊಟ್ಟಿಗೆ ಹಾಕಿದರೂ ಬೇರೆಯಾಗಲ್ಲ. ಬೆರೆಸಿ ಕರಗಿಸಿದರೆ ಹೊಸ ಬಕೆಟ್ ಹಿಡಿಕೆಯ ಹತ್ತಿರವೇ ಸೀಳುತ್ತದೆ. ಬಿಸಿಲಿಗೆ ಬಿದ್ದ ಕೊಡಗಳಂತೂ ಬೆರಳಲ್ಲಿ ಒತ್ತಿದರೆ ಚೂರಾಗುತ್ತವೆ. ಇವನ್ನು ಎಷ್ಟು ಪಾಲು ಸೇರಿಸಬಹುದು?

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ವಿಂಗಡಿಸಿ, ತೊಳೆದು, ದಾಣಿ ಮಾಡಿಕೊಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸುಮ್ನೆ ಗುಜರಿಗೆ ಹಾಕಲು ಮನಸ್ಸಿಲ್ಲ. ಕಪ್ಪು ಬಣ್ಣದ ದಾಣಿ ಆದರೂ ಸರಿ, ಗಿಡದ ಕುಂಡ ಮಾಡುತ್ತೇವೆ.