ರಿವಾಲ್ವರಿಗೆ ಮನೆಯಲ್ಲೇ ಮಾಡಿದ ಮೇಣದ ಗುಂಡು ಬಳಸಬಹುದೇ?

ಪ್ರಶ್ನೆ (ದಾವಣಗೆರೆ):
ಮಾನ್ಯರೇ, ಆತ್ಮರಕ್ಷಣೆಗೆಂದು ಪರವಾನಗಿ ಪಡೆದ .32 ರಿವಾಲ್ವರ್ ನನ್ನಲ್ಲಿದೆ. ಅಮೆರಿಕದಲ್ಲಿ ಕೆಲವರು ಖಾಲಿ ತೋಟಾಗಳಿಗೆ ಮೇಣ, ಮರ, ಪ್ಲಾಸ್ಟಿಕ್ಕಿನ ಗುಂಡುಗಳನ್ನು ತಾವೇ ಕೂರಿಸಿ ಪ್ರಯೋಗಿಸುತ್ತಾರೆ. ಗುಂಡುಗಳು ದುಬಾರಿಯಾದ್ದರಿಂದ ಅಭ್ಯಾಸಕ್ಕೆ ನಾನೂ ಹಾಗೆ ಮಾಡಬಹುದೇ?

ಉತ್ತರ (ಚಿತ್ರದುರ್ಗ):
ಖಂಡಿತ ಬೇಡಿ ಸ್ವಾಮಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಮದ್ದುಗುಂಡು ತಯಾರಿಕೆಗೆ ಬೇರೆಯೇ ಪರವಾನಗಿ ಬೇಕು. ಶಸ್ತ್ರ ಇಟ್ಟುಕೊಳ್ಳುವ ಪರವಾನಗಿ ಅದಕ್ಕೆ ಸಾಲದು. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆಯಿದೆ.

ಉತ್ತರ (ದಾವಣಗೆರೆ):
ಕಾನೂನನ್ನು ಬದಿಗಿಟ್ಟರೂ, ಗುಂಡಿನ ತೂಕ, ಗಡಸುತನ ಮತ್ತು ಅಳತೆ ಬದಲಾದರೆ ಒಳಗಿನ ಒತ್ತಡವೂ ಊಹಿಸಲಾಗದಂತೆ ಬದಲಾಗುತ್ತದೆ. ಒಂದು ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರುವುದನ್ನು ಗಮನಿಸದೆ ಮತ್ತೊಂದನ್ನು ಹಾರಿಸಿದರೆ ನಳಿಗೆಯೇ ಸಿಡಿದು ಬೆರಳುಗಳು ಹೋಗಬಹುದು. ಮೃದುವಾದ ಮೇಣವೆಂದು ಹಗುರವಾಗಿ ಎಣಿಸಬೇಡಿ. 1908ರ ಲಂಡನ್ ಒಲಿಂಪಿಕ್ಸ್ ವೇಳೆ ಮೇಣದ ಗುಂಡಿನ ದ್ವಂದ್ವ ಪ್ರದರ್ಶನವಾದಾಗ ಸ್ಪರ್ಧಿಗಳು ಮುಖವಾಡವನ್ನೂ ದಪ್ಪ ಕೋಟನ್ನೂ ತೊಟ್ಟಿದ್ದರು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ 4.5 ಮಿ.ಮೀ. ಏರ್ ಪಿಸ್ತೂಲಿನಲ್ಲಿ, ತರಬೇತುದಾರರ ಎದುರಿನಲ್ಲೇ, 10 ಮೀಟರ್ ಗುರಿಯ ಅಭ್ಯಾಸ ಮಾಡುತ್ತೇನೆ.