ಉಸಿರಾಟದ ಸಾಂಕ್ರಾಮಿಕದ ಕಾಲದಲ್ಲಿ ತುರ್ತು ಚಿಕಿತ್ಸಾ ವಿಭಾಗದ ದೂರಸಮಾಲೋಚನೆಯನ್ನು ಎಲ್ಲಿಯವರೆಗೆ ನೆಚ್ಚಬಹುದು?

ಪ್ರಶ್ನೆ (ತಾಲ್ಲೂಕು ಆಸ್ಪತ್ರೆಯ ವೈದ್ಯಾಧಿಕಾರಿ)

ಕೋವಿಡ್‌ನಂತಹ ಸಾಂಕ್ರಾಮಿಕ ಮತ್ತೆ ಬಂದರೆ ನಮ್ಮ ತುರ್ತು ಚಿಕಿತ್ಸಾ ವಿಭಾಗ ಹೇಗೆ ನಡೆಯಬೇಕೆಂಬ ಕಾರ್ಯಯೋಜನೆಯನ್ನು ಬರೆಯುತ್ತಿದ್ದೇನೆ. ಕೇಂದ್ರ ಸರ್ಕಾರದ 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ದೂರಸಮಾಲೋಚನೆಗೆ (ಫೋನ್, ವಿಡಿಯೊ ಮೂಲಕ ವೈದ್ಯಕೀಯ ಸಲಹೆಗೆ) ಸ್ಪಷ್ಟ ಚೌಕಟ್ಟನ್ನು ಒದಗಿಸಿತಾದರೂ, ತುರ್ತು ಸ್ಥಿತಿಯಲ್ಲಿ ಅದನ್ನು ಪ್ರಥಮ ಚಿಕಿತ್ಸೆ, ಆಪ್ತಸಲಹೆ ಮತ್ತು ರೆಫರಲ್ ಸಲಹೆಯಂತಹ ಕ್ರಮಗಳಿಗೆ ಮಿತಿಗೊಳಿಸಿ, ರೋಗಿಯನ್ನು ಆದಷ್ಟು ಬೇಗ ವೈದ್ಯರು ನೇರವಾಗಿ ನೋಡಬೇಕೆಂದು ಹೇಳುತ್ತದೆ. ನಮ್ಮ ಪರಿಸ್ಥಿತಿ ಇದಕ್ಕಿಂತ ತುಸು ಭಿನ್ನ: ರೋಗಿ ಆಸ್ಪತ್ರೆಯೊಳಗೇ ಇರುತ್ತಾನೆ, ವೈದ್ಯರು ಗೋಡೆಯ ಆಚೆ ಇರುತ್ತಾರೆ, ತಜ್ಞರು ಜಿಲ್ಲಾ ಕೇಂದ್ರದಲ್ಲಿರುತ್ತಾರೆ. ಸೋಂಕಿನ ಭಯದಿಂದ ಎಲ್ಲವನ್ನೂ ಪರದೆಗೆ ಒಪ್ಪಿಸಿದರೆ ಯಾವುದು ನಮ್ಮ ಕಣ್ಣು ತಪ್ಪುತ್ತದೆ?

ಉತ್ತರ 1 (ತುರ್ತು ಚಿಕಿತ್ಸಾ ವೈದ್ಯ)

ಮೊದಲು ತಪ್ಪಿಹೋಗುವುದು ಉಸಿರಾಟದ ಗತಿ. ಕೋವಿಡ್ ನ್ಯುಮೋನಿಯಾದಲ್ಲಿ ರಕ್ತದ ಆಮ್ಲಜನಕ ಶೇ 80ರ ಆಸುಪಾಸಿಗೆ ಇಳಿದಿದ್ದರೂ ಕೆಲವರು ನಗುತ್ತಾ, ಮೊಬೈಲ್‌ನಲ್ಲಿ ಮಾತನಾಡುತ್ತಾ ಕುಳಿತಿರುತ್ತಿದ್ದುದನ್ನು ನಾವೆಲ್ಲರೂ ಕಂಡಿದ್ದೇವೆ. ಅಂಥವರನ್ನು ವಿಡಿಯೊದಲ್ಲಿ ನೋಡಿ 'ಆರಾಮವಾಗಿದ್ದಾರೆ' ಎಂದು ಬರೆದುಬಿಡುವುದು ಬಹಳ ಸುಲಭ. ಆದ್ದರಿಂದ ಪರದೆಯ ಮೂಲಕ ನೋಡುವವರು ಕ್ಯಾಮೆರಾವನ್ನು ಮುಖದಿಂದ ಎದೆಯ ಕಡೆಗೆ ತಿರುಗಿಸಲು ಹೇಳಿ, ರೋಗಿಯನ್ನು ಮಾತನಾಡಿಸದೆ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸಬೇಕು. ಒಂದೇ ಉಸಿರಿನಲ್ಲಿ ಅಂಕಿ ಎಣಿಸಲು ಹೇಳುವ ರಾತ್ ಸ್ಕೋರ್ ಫೋನ್ ಸಮಾಲೋಚನೆಯಲ್ಲಿ ಪ್ರಚಾರಕ್ಕೆ ಬಂದಿತ್ತು. ಸಾಕಷ್ಟು ಆಧಾರವಿಲ್ಲವೆಂದು ತಜ್ಞರು 2020ರಲ್ಲೇ ಎಚ್ಚರಿಸಿದ್ದರಿಂದ ಅದನ್ನು ನಿಮ್ಮ ಯೋಜನೆಯಲ್ಲಿ ಸೇರಿಸಬೇಡಿ.

ಪಲ್ಸ್ ಆಕ್ಸಿಮೀಟರಿನ ಅಂಕಿಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅಂಕಿ ತಪ್ಪಬಹುದು. ಕಪ್ಪು ಚರ್ಮದವರಲ್ಲಿ ಅದು ನಿಜಕ್ಕಿಂತ ಹೆಚ್ಚು ತೋರಿಸುವ ಸಂಭವವಿದೆ ಎಂಬುದು 2020ರ ಕೊನೆಯಲ್ಲಿ ಅಮೆರಿಕದ ಅಧ್ಯಯನದಿಂದ ಮತ್ತೆ ಚರ್ಚೆಗೆ ಬಂತು, ಮತ್ತು ನಮ್ಮ ಜನರ ಮಟ್ಟಿಗೆ ಇದು ಅಡಿಟಿಪ್ಪಣಿಗೆ ಬಿಡುವ ಮಾತಲ್ಲ. ಕುಳಿತಾಗ ಶೇ 95 ಇದ್ದವರನ್ನು, ಸ್ಥಿತಿ ಅನುಮತಿಸಿದರೆ, ಸಿಬ್ಬಂದಿಯ ಕಣ್ಣೆದುರಿನಲ್ಲಿ 6 ನಿಮಿಷ ನಡೆಸಿ ಮತ್ತೆ ನೋಡಿದ ಮೇಲೆಯೇ ಮನೆಗೆ ಕಳುಹಿಸುವ ನಿರ್ಧಾರವಾಗಲಿ. ಎದೆನೋವು, ಹೊಟ್ಟೆನೋವು, ಪ್ರಜ್ಞೆಯ ಏರುಪೇರು ಇದ್ದರೆ ಪರದೆಯ ಮುಂದೆ ಕಾಲ ಕಳೆಯದೆ ವೈದ್ಯರು ಒಳಗೆ ಹೋಗಬೇಕು. ಸಾಂಕ್ರಾಮಿಕದ ಕಾಲದಲ್ಲಿಯೂ ಹೃದಯಾಘಾತ ಮತ್ತು ಕರುಳುವಾಳದ ಉರಿಯೂತ ರಜೆ ತೆಗೆದುಕೊಳ್ಳುವುದಿಲ್ಲ.

ಉತ್ತರ 2 (ಶುಶ್ರೂಷಾಧಿಕಾರಿ)

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಅದರಲ್ಲಿ ಕ್ಯಾಮೆರಾ ತಿರುಗಿಸುವವರು, ರೋಗಿಯನ್ನು ನಡೆಸುವವರು, ಉಸಿರು ಎಣಿಸಲು ಅಂಗಿ ಸರಿಸುವವರು ಯಾರು ಎಂಬುದನ್ನು ಹೇಳಿಲ್ಲ. ಅದು ಪ್ರತ್ಯೇಕ ಕೊಠಡಿಯೊಳಗಿರುವ ನರ್ಸ್. ವೈದ್ಯರು ಒಳಗೆ ಬರುವ ಸಲ ಕಡಿಮೆಯಾದರೆ ಪಿಪಿಇ (ಸೋಂಕಿನಿಂದ ಕಾಯುವ ರಕ್ಷಣಾ ಉಡುಪು) ಉಳಿಯುತ್ತದೆ, ಅದನ್ನು ಕಳಚುವಾಗ ಸೋಂಕು ತಗಲುವ ಅಪಾಯವೂ ಕಡಿಮೆಯಾಗುತ್ತದೆ. ಆದರೆ ಒಳಗಿರುವ ಒಬ್ಬರ ಮೇಲೆ ಅಷ್ಟೇ ಹೊರೆ ಬೀಳುತ್ತದೆ.

ನಾವು ಟ್ಯಾಬ್ಲೆಟನ್ನು ಡ್ರಿಪ್ ಸ್ಟ್ಯಾಂಡಿಗೆ ಕಟ್ಟಿಕೊಂಡಿದ್ದೆವು. ನಿಮಿಷಕ್ಕೆ 15 ಲೀಟರ್ ಆಮ್ಲಜನಕ ಹರಿಯುವ ಸದ್ದಿನಲ್ಲಿ, ಮಾಸ್ಕು ಮತ್ತು ಫೇಸ್ ಶೀಲ್ಡಿನ ಹಿಂದಿನಿಂದ ಬಂದ ವೈದ್ಯರ ಮಾತು ವಯಸ್ಸಾದವರಿಗೆ ಬಹುತೇಕ ಕೇಳುತ್ತಿರಲಿಲ್ಲ. ಅವರು ಪರದೆಯನ್ನು ಬಿಟ್ಟು ನಮ್ಮ ಮುಖ ನೋಡುತ್ತಿದ್ದರು. ಹೊರಗೆ ಕುಳಿತ ವೈದ್ಯರಿಗೆ ಶೀಲ್ಡ್ ಬೇಕಿಲ್ಲ, ಬೇರೆ ಕೋಣೆಯಲ್ಲಿ ಒಬ್ಬರೇ ಇದ್ದರೆ ಮಾಸ್ಕೂ ಬೇಕಿಲ್ಲ. ಅವರ ಮುಖ ಕಾಣಿಸಿದರೆ ರೋಗಿಗೆ ಎಷ್ಟು ಧೈರ್ಯ ಬರುತ್ತದೆ ಎಂಬುದನ್ನು ಹಾಸಿಗೆಯ ಪಕ್ಕದಲ್ಲಿ ನಿಂತವರೇ ಬಲ್ಲರು.

ನಿಮ್ಮ ಯೋಜನೆಯಲ್ಲಿ ಒಂದು ವಾಕ್ಯ ಇರಲೇಬೇಕೆಂದು ಕೇಳಿಕೊಳ್ಳುತ್ತೇನೆ: 'ಒಳಗಿರುವ ನರ್ಸ್ ಬನ್ನಿ ಎಂದು ಕರೆದರೆ, ಕಾರಣ ಕೇಳುತ್ತಾ ನಿಲ್ಲದೆ ವೈದ್ಯರು ಬರಬೇಕು.' ಅಂಕಿಗಳೆಲ್ಲ ಸರಿಯಿದ್ದೂ ರೋಗಿಯ ಮೈ ಬೆವರುತ್ತಿದೆ, ಮಾತು ಹಿಂದಿನಂತಿಲ್ಲ ಎಂಬುದು ಅನೇಕ ಸಲ ನಮಗೆ ಮೊದಲು ತಿಳಿಯುತ್ತದೆ.

ಪ್ರಶ್ನೆ ಕೇಳಿದವರ ಮರುಪ್ರಶ್ನೆ

ಆ ವಾಕ್ಯವನ್ನು ಹಾಗೆಯೇ ಸೇರಿಸುತ್ತೇನೆ. ಜಿಲ್ಲೆಯ ತಜ್ಞರು ವಿಡಿಯೊದಲ್ಲಿ ಕೊಟ್ಟ ಸಲಹೆಯಂತೆ ನಡೆದಾಗ ಹೊಣೆ ಯಾರದು?

ಉತ್ತರ 3 (ತೀವ್ರ ನಿಗಾ ತಜ್ಞೆ)

ಮಾರ್ಗಸೂಚಿಯ ಪ್ರಕಾರ ವೈದ್ಯರು ಇನ್ನೊಬ್ಬ ವೈದ್ಯರ ಸಲಹೆ ಕೇಳಿದಾಗ ಚಿಕಿತ್ಸೆಯ ಹೊಣೆ ಕೇಳಿದವರಲ್ಲಿಯೇ ಉಳಿಯುತ್ತದೆ. ಇದು ನಿಮಗೆ ಭಾರವೆನಿಸಬಹುದು, ಆದರೆ ರೋಗಿಯನ್ನು ಮುಟ್ಟಿ ನೋಡಿದವರು ನೀವೇ ಆದ್ದರಿಂದ ನನಗೆ ಅದು ಸರಿಯೆನಿಸುತ್ತದೆ. ಕೋವಿಡ್ ಕಾಲದಲ್ಲಿ ಬೆಂಗಳೂರಿನ ತಜ್ಞರು ಟೆಲಿ ಐಸಿಯು (ತೀವ್ರ ನಿಗಾ ಘಟಕದ ರೋಗಿಗಳನ್ನು ದೂರದಿಂದ ವಿಡಿಯೊದಲ್ಲಿ ನೋಡುವ ವ್ಯವಸ್ಥೆ) ಮೂಲಕ ಜಿಲ್ಲಾ ಆಸ್ಪತ್ರೆಗಳ ವೈದ್ಯರೊಂದಿಗೆ ರೌಂಡ್ಸ್ ನಡೆಸಿದಾಗ ಹೆಚ್ಚು ಫಲ ಕೊಟ್ಟದ್ದು ಎರಡೂ ಕಡೆಯವರಿಗೆ ಪರಸ್ಪರ ಪರಿಚಯವಿದ್ದ ಕಡೆಗಳಲ್ಲಿ ಎಂಬುದು ನನ್ನ ಅನಿಸಿಕೆ. ಈಗಲೇ, ಸಾಂಕ್ರಾಮಿಕವಿಲ್ಲದ ದಿನಗಳಲ್ಲಿ, ವಾರಕ್ಕೊಮ್ಮೆಯಾದರೂ ಆ ಕರೆ ನಡೆಯುತ್ತಿರಲಿ.

ಇನ್ನೊಂದು ವಿಷಯ. ನಾವು ಪರದೆಯ ಮೇಲೆ 'ಜಿಲ್ಲಾ ಆಸ್ಪತ್ರೆಗೆ ಕಳುಹಿಸಿ' ಎಂದುಬಿಡುತ್ತೇವೆ, ನಿಮ್ಮ ರಸ್ತೆ ನಮಗೆ ಗೊತ್ತಿರುವುದಿಲ್ಲ. ಬಿ ಮಾದರಿಯ ಸಿಲಿಂಡರ್ ತುಂಬಿದ್ದರೆ ಸುಮಾರು 1,500 ಲೀಟರ್ ಆಮ್ಲಜನಕ ಇರುತ್ತದೆ. ನಿಮಿಷಕ್ಕೆ 15 ಲೀಟರಿನಂತೆ ಅದು ಸುಮಾರು 100 ನಿಮಿಷ ಬರುತ್ತದೆ. ಪ್ರಯಾಣದ ಅವಧಿ, ಅಲ್ಲಿ ಹಾಸಿಗೆಗಾಗಿ ಕಾಯಬೇಕಾಗಬಹುದಾದ ಹೊತ್ತು, ಸಿಲಿಂಡರಿನಲ್ಲಿ ಉಳಿದಿರುವ ಒತ್ತಡ, ಈ ಮೂರನ್ನೂ ಕರೆ ಮುಗಿಯುವ ಮುನ್ನ ನಮಗೆ ಹೇಳಿ, ಮತ್ತು ಬದಲಿ ಸಿಲಿಂಡರ್ ಏರಿಸಿದ ಮೇಲೆಯೇ ಆಂಬುಲೆನ್ಸ್ ಹೊರಡಿಸಿ.