ಮಿಂಟ್ ಸಿಗರೇಟ್ ಸೇದಿದರೆ ಕೆಮ್ಮು ಕಡಿಮೆ, ಹಾಗಾದರೆ ಇದು ಪರವಾಗಿಲ್ವಾ?

ತೋಟದ ರೈಟರ್, ಸುಂಟಿಕೊಪ್ಪ:
ಹದಿನಾರು ವರ್ಷದಿಂದ ಸೇದುತ್ತಿದ್ದೇನೆ. ಹೋದ ಮಳೆಗಾಲದಲ್ಲಿ ಹಿಡಿದ ಕೆಮ್ಮು ಬಿಡಲೇ ಇಲ್ಲ. ಬೆಳಿಗ್ಗೆ ತೋಟದ ಕೆಲಸದವರ ಲೈನ್ ಮನೆ ಹತ್ತಿರ ಹಾಜರಿ ಕೂಗುವಾಗ ಅರ್ಧಕ್ಕೇ ಉಸಿರು ಕಟ್ಟುತ್ತಿತ್ತು. ಅಂಗಡಿಯವರು ‘ಮಿಂಟ್ ತಗೊಳ್ಳಿ, ಗಂಟಲಿಗೆ ಹಗುರ’ ಎಂದರು. ಫಿಲ್ಟರಿನಲ್ಲಿ ಸಣ್ಣ ಗುಂಡು ಇರುತ್ತದಲ್ಲ, ಒತ್ತಿದರೆ ಟಪ್ ಅಂತ ಒಡೆಯುವುದು, ಅದೇ. ಗಂಟಲು ತಣ್ಣಗಾಯಿತು, ಕೆಮ್ಮೂ ಇಳಿಯಿತು. ಆದರೆ ದಿನಕ್ಕೆ ಆರು ಇದ್ದದ್ದು ಈಗ ಹತ್ತಾಗಿದೆ. ಕೊಯ್ಲಿನ ಸಮಯದಲ್ಲಿ ಕಣದಿಂದ ಗೋಡೌನ್‌ವರೆಗಿನ ಏರು ಹತ್ತುವಷ್ಟರಲ್ಲಿ ಏದುಸಿರು. ಮಗಳಿಗೆ ಏಳು ವರ್ಷ. ಮೊದಲು ಸಿಗರೇಟ್ ವಾಸನೆಗೆ ದೂರ ಓಡುತ್ತಿದ್ದಳು. ಈಗ ‘ಅಪ್ಪ, ವಿಕ್ಸ್ ವಾಸನೆ’ ಅಂತ ಬಂದು ಮಡಿಲಲ್ಲಿ ಕೂರುತ್ತಾಳೆ. ನನಗೆ ಹೆದರಿಕೆ ಶುರುವಾಗಿದ್ದು ಅಲ್ಲಿಂದ.

ನರ್ಸ್, ಮಡಿಕೇರಿ:
ಅಣ್ಣಾ, ನಿಮ್ಮ ಹೆದರಿಕೆ ಸರಿಯಾಗಿದೆ. ಗಂಟಲಲ್ಲಿ ತಂಪು ತಿಳಿಯುವ ನರಗಳಿವೆ. ಮಿಂಟ್ ಸಿಗರೇಟಿನಲ್ಲಿ ತಂಪು ಕೊಡುವ ಪದಾರ್ಥ ಮೆಂಥಾಲ್, ಅದು ಅವನ್ನೇ ಮುಟ್ಟುತ್ತದೆ. ಹಾಗಾಗಿ ತಣ್ಣಗಾದಂತೆ ಅನ್ನಿಸುತ್ತದೆ, ಹೊಗೆಯ ಉರಿ ಗೊತ್ತಾಗುವುದಿಲ್ಲ. ಆದರೆ ಟಾರ್, ಕಾರ್ಬನ್ ಮೊನಾಕ್ಸೈಡ್, ನಿಕೋಟಿನ್ ಎಲ್ಲ ಒಳಗೆ ಹೋಗುತ್ತಲೇ ಇವೆ. ಉರಿ ಇಲ್ಲದಿದ್ದರೆ ದಮ್ಮು ಜೋರಾಗಿ ಎಳೆಯುವುದೂ ಸುಲಭ, ಅಲ್ವಾ? ಹೊಸದಾಗಿ ಸೇದುವ ಹುಡುಗರು ಇದರಿಂದಲೇ ಬೇಗ ಸಿಕ್ಕಿಹಾಕಿಕೊಳ್ಳುತ್ತಾರೆ. ಕೆನಡಾ 2017ರಲ್ಲಿ, ಯುರೋಪಿಯನ್ ಒಕ್ಕೂಟ 2020ರ ಮೇನಲ್ಲಿ ಮೆಂಥಾಲ್ ಸಿಗರೇಟ್ ಮಾರಾಟ ನಿಲ್ಲಿಸಿವೆ.
ಕೆಮ್ಮು ಇಳಿಯಿತು ಅಂತ ಸುಮ್ನೆ ಇರಬೇಡಿ. ಏರು ಹತ್ತುವಾಗ ಏದುಸಿರು ಬರುತ್ತಿದೆಯಲ್ಲ, ಅದನ್ನು ಡಾಕ್ಟರಿಗೆ ಹೇಳಿ. ಎದೆಯ ಎಕ್ಸ್‌ರೇ, ಊದಿಸಿ ನೋಡುವ ಪರೀಕ್ಷೆ ಬೇಕಾ ಅಂತ ಕೇಳಿ. ಮಗಳ ಹತ್ತಿರ ಮಾತ್ರ ಖಂಡಿತ ಸೇದಬೇಡಿ. ವಾಸನೆ ವಿಕ್ಸ್‌ನದ್ದಾದರೂ ಹೊಗೆ ಅದೇ ಹೊಗೆ.

ಬಿಟ್ಟವನು, ಸೋಮವಾರಪೇಟೆ:
ನಾನೂ ಮಿಂಟ್‌ಗೆ ಹೋಗಿ ಮೂರು ವರ್ಷ ಕಳೆದುಕೊಂಡೆ. ಹಗುರದ್ದು ಅಂದುಕೊಂಡಿದ್ದರಿಂದ ಬಿಡುವ ಯೋಚನೆಯೇ ಬರಲಿಲ್ಲ. ಕೊನೆಗೆ 1800-11-2356ಕ್ಕೆ ಫೋನ್ ಮಾಡಿದೆ. ತಂಬಾಕು ಬಿಡಲು ಸಹಾಯ ಮಾಡುವ ಸರ್ಕಾರದ ನಂಬರ್, ದುಡ್ಡು ಬೇಡ. ಕನ್ನಡದಲ್ಲೇ ಮಾತಾಡಿದರು. ಮೊದಲ ವಾರ ಕಷ್ಟ ಅಂತ ಮುಂಚೆಯೇ ಹೇಳಿದ್ದು ನನಗೆ ತುಂಬ ಸಹಾಯವಾಯಿತು. ಊಟ ಆದ ಮೇಲಿನ ಸಿಗರೇಟ್ ಇದೆಯಲ್ಲ, ಅದೇ ಕೊನೆಗೆ ಬಿಟ್ಟಿದ್ದು. ಆ ಹೊತ್ತಿಗೆ ಬೆಲ್ಲದ ಕಾಫಿ ಹಿಡಿದು ಅಂಗಳದಲ್ಲಿ ಓಡಾಡುತ್ತಿದ್ದೆ.

ತೋಟದ ರೈಟರ್, ಸುಂಟಿಕೊಪ್ಪ:
ಇಬ್ಬರಿಗೂ ಥ್ಯಾಂಕ್ಸ್. ನಂಬರ್ ಬರೆದುಕೊಂಡೆ. ಶುಕ್ರವಾರ ಸಂತೆಗೆ ಮಡಿಕೇರಿಗೆ ಬರುವುದಿದೆ, ಅವತ್ತೇ ಎದೆ ತೋರಿಸಿಕೊಂಡು ಬರುತ್ತೇನೆ. ಜೇಬಲ್ಲಿದ್ದ ಪ್ಯಾಕನ್ನು ಹೆಂಡತಿ ಕೈಗೆ ಕೊಟ್ಟಿದ್ದೇನೆ.